ಕಣಿವೆಯ ಮರಗಳ ಎತ್ತರ

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಕಾಡಿನ ಮರಗಳ ಎತ್ತರ ಅಳೆದವರು. ಕಚೇರಿಯಲ್ಲಿ ಎಲ್ಲರಿಗೂ ಅವರು 'ಅಳತೆಯಣ್ಣ'. ಮನೆಯ ಕಿಟಕಿಗೆ ಪರದೆ ಹೊಲಿಸುವಾಗ ದರ್ಜಿಯ ಟೇಪನ್ನೂ ನಂಬದೆ ಮೂರು ಸಲ ತಾವೇ ಅಳೆದಿದ್ದರು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ಹೇಳಿ ಹೇಳಿ ಚಿಕ್ಕಮ್ಮನ ತಲೆ ತಿನ್ನುತ್ತಿದ್ದರು.

ಅದೇ ಕಚೇರಿಯಲ್ಲಿ ನನ್ನ ಕೆಲಸ ಕಂಪ್ಯೂಟರ್ ಮುಂದೆ. ಉಪಗ್ರಹ ತೆಗೆದ ಚಿತ್ರಗಳನ್ನೂ ಚಿಕ್ಕಪ್ಪನ ಪುಸ್ತಕದ ಅಳತೆಗಳನ್ನೂ ಯಂತ್ರಕ್ಕೆ ಕೊಡುತ್ತೇನೆ. ಅದು ಎರಡನ್ನೂ ಹೋಲಿಸಿ ಕಲಿತು, ಯಾರೂ ಕಾಲಿಡದ ಕಾಡಿನ ಎತ್ತರವನ್ನೂ ನಕ್ಷೆಯಲ್ಲಿ ತೋರಿಸುತ್ತದೆ. ಹಸಿರೆಂದರೆ ಎತ್ತರದ ಮರ, ಹಳದಿಯೆಂದರೆ ಬಯಲು.

ಮೊದಲ ನಕ್ಷೆಯಲ್ಲಿ ದೂರದ ಕಣಿವೆ ಪೂರ್ತಿ ಹಳದಿ. ಪುಸ್ತಕದಲ್ಲಿ ಅಲ್ಲಿ ಮೂವತ್ತೊಂದು ಮೀಟರ್. ಮೇಲಧಿಕಾರಿ ನಕ್ಕುಬಿಟ್ಟರು. "ಅಳತೆಯಣ್ಣ ತಪ್ಪು ಬರೀತಾರಾ? ನಿನ್ನ ಯಂತ್ರಕ್ಕೇ ಬುದ್ಧಿ ಇಲ್ಲ. ಆ ಕಣಿವೆ ಅಳತೇನೇ ಒತ್ತಿ ಒತ್ತಿ ಕಲಿಸು." ಕಲಿಸಿದೆ. ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪ ಮಂಡಿ ನೀವಿಕೊಳ್ಳುತ್ತಿದ್ದರು.

ಎರಡನೇ ನಕ್ಷೆ ಬರುವಷ್ಟರಲ್ಲಿ, ಆ ಕಣಿವೆಯ ಚಿತ್ರದ ಹಾಗೆ ಕಾಣುವುದೆಲ್ಲ ಎತ್ತರದ ಕಾಡೆಂದು ಯಂತ್ರ ಕಲಿತುಬಿಟ್ಟಿತ್ತು. ಬೋಳುಗುಡ್ಡ, ಕಲ್ಲುಗಣಿ, ಕಚೇರಿಯ ಹಿಂದಿನ ಆಟದ ಮೈದಾನ, ಎಲ್ಲ ಕಡೆ ಮೂವತ್ತು ಮೀಟರ್ ಕಾಡು! ಚಿಕ್ಕಪ್ಪ ನನ್ನ ಹಿಂದೆ ಬಂದು ನಿಂತಿದ್ದರು.

"ಯಂತ್ರದ್ದು ತಪ್ಪಿಲ್ಲ ಮಗಳೇ, ನಂದು. ಮಂಡಿ ಕೆಟ್ಟ ಮೇಲೆ ಆ ಇಳಿಜಾರು ನಾನು ಇಳಿದೇ ಇಲ್ಲ. ಆರು ವರ್ಷ ಆಯ್ತು. ಹಳೇ ಅಳತೆಗೇ ವರ್ಷಕ್ಕೊಂದು ಗೇಣು ಸೇರಿಸಿ ಬರೀತಿದ್ದೆ."

ಪರದೆಗೆ ಮೂರು ಸಲ ಟೇಪು ಹಿಡಿದ ಮನುಷ್ಯ! ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ಸಾಹೇಬ್ರಿಗೆ ನೀವೇ ಹೇಳಿ" ಎಂದೆ, ಗದರಿದ ಹಾಗೆಯೇ.

"ಹೇಳ್ತೀನಿ. ಇದ್ದ ಹೆಸರು ಹೋದ್ರೆ ಹೋಗ್ಲಿ. ಮೊದ್ಲು ಹೋಗಿ ಅಳೀಬೇಕು."

ಮರುದಿನ ಬೆಳಿಗ್ಗೆ ನನ್ನ ಹೆಗಲು ಹಿಡಿದು, ಹಲ್ಲುಕಚ್ಚಿಕೊಂಡು ಇಳಿದರು. ಕೆಳಗೆ ಒಂದೇ ಒಂದು ಮರವಿರಲಿಲ್ಲ. ಎದುರಿನ ಏರಿನವರೆಗೂ ಬರೀ ಬುಡಗಳು, ಬೂದಿ ಬಣ್ಣಕ್ಕೆ ತಿರುಗಿದ ಹಳೆಯ ಬುಡಗಳು. ಕಡಿದು ಎಷ್ಟೋ ವರ್ಷಗಳಾಗಿದ್ದವು.

ಅಭ್ಯಾಸಬಲದಿಂದ ಚಿಕ್ಕಪ್ಪ ಎತ್ತರ ನೋಡುವ ಸಾಧನವನ್ನು ಕಣ್ಣಿಗೆ ಹಿಡಿದರು. ಮೇಲೆ ಬರೀ ಆಕಾಶ. ಅದನ್ನು ಚೀಲಕ್ಕೆ ಹಾಕಿ, ಕುಂಟುತ್ತಾ ಹೋಗಿ ಒಂದು ಬುಡದ ಪಕ್ಕ ಕೂತರು.

"ಒಂದು ವರ್ಷ ಬಂದಿದ್ರೂ ಅರ್ಧ ಉಳೀತಿತ್ತೇನೋ" ಎಂದರು. ಅವರು ಅತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಪುಸ್ತಕ ತೆರೆದೆ. "ಎಷ್ಟು ಬರೀಲಿ?"

ಚಿಕ್ಕಪ್ಪ ಟೇಪು ತೆಗೆಯಲಿಲ್ಲ. ಕೈಬೆರಳುಗಳನ್ನು ಅಗಲಿಸಿ ಬುಡಕ್ಕೆ ಹಿಡಿದರು.

"ಒಂದು ಗೇಣು" ಎಂದರು.