ಜನ್ನಾಪುರದಲ್ಲೊಂದು ಹಾಯಿದೋಣಿ

ಸಮುದ್ರವಿಲ್ಲದ ಊರಿನಲ್ಲಿ ಹಾಯಿದೋಣಿ ಇಟ್ಟುಕೊಂಡರೆ ದಾರಿಹೋಕರು ಕೇಳುವ ಮೊದಲ ಪ್ರಶ್ನೆ, "ಸಿನಿಮಾ ಶೂಟಿಂಗಾ ಸಾರ್?" ಎರಡನೆಯದು, "ತಲೆ ಸರಿಯಿದೆಯಾ?" ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣಲ್ಲೇ ಕೇಳುತ್ತಾರೆ. ಭದ್ರಾವತಿಯ ಜನ್ನಾಪುರದಲ್ಲಿ, ಗೆಳೆಯ ರುದ್ರೇಶನ ಮನೆ ಪಕ್ಕದ ಖಾಲಿ ಸೈಟಿನಲ್ಲಿ, ತಾಡಪಾಲಿನಡಿ ನಿಂತಿದ್ದ ಮುದಿ ದೋಣಿಯ ಮುಂದೆ ನಾನು ಎರಡಕ್ಕೂ ಹಲ್ಲುಕಿರಿದು ಉತ್ತರಿಸಿದ್ದೇನೆ.

ರುದ್ರೇಶ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಹೊನ್ನಾವರಕ್ಕೆ ನೆಂಟರ ಮನೆಗೆಂದು ಹೋದವನು, ಯಾರೋ ಸೌದೆಗೆ ಒಡೆಯಲಿದ್ದ ಈ ದೋಣಿಯನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ. ರಿಪೇರಿ ಮಾಡಿ ವಾಪಸ್ ಒಯ್ದು, ದಡ ಹಿಡಿದುಕೊಂಡೇ ಕನ್ಯಾಕುಮಾರಿಯವರೆಗೆ ಹೋಗಬೇಕೆಂಬುದು ಅವನ ಹಟ. ಅವನ ಜೊತೆಯೇ ದುಡಿದ ವೆಲ್ಡರ್ ಸೆಲ್ವಂ ನಾಗಪಟ್ಟಣದ ಕಡೆಯ ಮೀನುಗಾರರ ಮನೆಯವನು. ಹಾಯಿ ಕಟ್ಟಲು ಬಲ್ಲವನು ನಮ್ಮಲ್ಲಿ ಅವನೊಬ್ಬನೇ. ಮೂರನೆಯವನು ನಾನು, ಹೊಸಮನೆ ಬಡಾವಣೆಯಿಂದ ಬಸ್ಸು ಹತ್ತಿ ಬಂದು, ಕಾಫಿ ಕುಡಿದು, ಸಲಹೆ ಕೊಡುವ ನಿವೃತ್ತ ಕನ್ನಡ ಮೇಷ್ಟ್ರು.

ದೇಹವೇ ದೋಣಿ, ಸಂಸಾರವೇ ಸಾಗರ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಪಾಠ ಹೇಳಿದವನು ನಾನು. ಹಾಗೆ ಹೋಲಿಸಿದ ಹಿರಿಯರಲ್ಲಿ ಒಬ್ಬರಾದರೂ ದೋಣಿಯ ಅಡಿಗೆ ಅಂಗಾತ ಮಲಗಿ ಹಳೆ ಬಣ್ಣ ಕೆರೆದಿದ್ದರೇ ಎಂಬುದು ಈಗಿನ ಅನುಮಾನ. ಕೆರೆದ ಬಣ್ಣದ ಪುಡಿ ಕಣ್ಣೊಳಗೆ ಉದುರುವಾಗ ತತ್ತ್ವ ಹೊಳೆಯುವುದಿಲ್ಲ, ಬೈಗುಳ ಹೊಳೆಯುತ್ತದೆ. ಅಲ್ಲದೆ ಕಬ್ಬಿಣದ ಊರಿನವರು ಮರವನ್ನು ನಂಬುವವರಲ್ಲ. ರುದ್ರೇಶ ಕಂಡಕಂಡಲ್ಲಿ, "ಇರ್ಲಿ ಮಾರಾಯ, ಇನ್ನೊಂದು ಬೋಲ್ಟ್ ಹಾಕು" ಎನ್ನುವನು. "ಅಣ್ಣಾ, ಇದು ದೋಣಿ, ರೋಲಿಂಗ್ ಮಿಲ್ ಅಲ್ಲ. ಭಾರಕ್ಕೇ ಮುಳುಗುತ್ತೆ" ಎಂದು ಸೆಲ್ವಂ ತಲೆ ಚಚ್ಚಿಕೊಳ್ಳುವನು.

ಅಷ್ಟರಲ್ಲಿ ರುದ್ರೇಶನ ಶ್ವಾಸಕೋಶ ಕೈಕೊಟ್ಟಿತು. ಶಿವಮೊಗ್ಗದ ಡಾಕ್ಟರು, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಮೆತ್ತಗೆ ಹೇಳಿ ಕಳಿಸಿದರು. ಅವನ ಕುರ್ಚಿ ದೋಣಿಯ ಪಕ್ಕಕ್ಕೆ ಬಂತು, ಕುರ್ಚಿಯ ಪಕ್ಕಕ್ಕೆ ಆಕ್ಸಿಜನ್ ಸಿಲಿಂಡರ್. ಕೆಲಸ ಮಾತ್ರ ನಿಲ್ಲಿಸಗೊಡಲಿಲ್ಲ.

ಒಂದು ದಿನ ಅವನ ಹೆಂಡತಿ ಗಿರಿಜಮ್ಮ ನನ್ನನ್ನು ಅಡುಗೆಮನೆಗೆ ಕರೆದರು. "ಅಣ್ಣಾ, ಆ ದೋಣಿ ಮುಗೀಬಾರ್ದು. ಬೆಳಿಗ್ಗೆ ಅದಕ್ಕೋಸ್ಕರ ಎದ್ದು ಕೂರ್ತಾರೆ. ಮುಗಿದ್ರೆ ಮತ್ತೆ ಏಳಲ್ಲ ಅವ್ರು."

ಅಂದಿನಿಂದ ನನ್ನ ಜೀವಮಾನದ ಅತಿ ವಿಚಿತ್ರ ಉದ್ಯೋಗ ಶುರುವಾಯಿತು. ಮಧ್ಯಾಹ್ನ ಊಟವಾಗಿ ಅವನು ಮಲಗಿದಾಗ, ಬೆಳಿಗ್ಗೆ ಬಿಗಿದ ಚುಕ್ಕಾಣಿಯ ನಟ್ಟುಗಳನ್ನು ನಾನು ಸಡಿಲಿಸುವುದು. ನೀರು ಸೋರದಂತೆ ಹಲಗೆಗಳ ಸಂದಿಗೆ ತುಂಬಿದ ಹತ್ತಿಯನ್ನು ಸೆಲ್ವಂ ತಾನೇ ಕಿತ್ತು ತೆಗೆಯುವುದು. ಮರುದಿನ ರುದ್ರೇಶ ಕೈಯಾಡಿಸಿ ನೋಡಿ, "ಯಾವನೋ ಇದನ್ನ ಟೈಟ್ ಮಾಡಿದ್ದು, ಬೇಕೂಫ!" ಎಂದು ಗುಡುಗುವನು. ಬೈಯುವಾಗ ಅವನ ಮುಖಕ್ಕೆ ರಂಗು ಬರುತ್ತಿತ್ತು. ಬೈಸಿಕೊಂಡು ಇಷ್ಟು ಸುಖಪಟ್ಟದ್ದು ನನಗೆ ನೆನಪಿಲ್ಲ.

ಆದರೆ ಬದುಕೆಲ್ಲ ನಟ್ಟು ಬೋಲ್ಟಿನಲ್ಲಿ ಕಳೆದವನಿಗೆ ಮೇಷ್ಟ್ರ ಕಳ್ಳತನ ಎಷ್ಟು ದಿನ ತಿಳಿಯದಿದ್ದೀತು? ಒಂದು ಬೆಳಿಗ್ಗೆ ಬೈಯಲೇ ಇಲ್ಲ.

"ಸ್ಪ್ಯಾನರ್ ಹಿಡಿಯೋದು ಕಲಿ ಮಾರಾಯ. ನಟ್ಟಿನ ಮೂಲೆಯೆಲ್ಲ ಸವೆದುಹೋಗಿದೆ." ಉಸಿರು ಎಳೆದುಕೊಂಡ. "ಗಿರಿಜ ಹೇಳಿದ್ಳಾ?"

ನಾನು ಜೇಬಿನಲ್ಲಿದ್ದ ಸ್ಪ್ಯಾನರ್ ತೆಗೆದು ಅವನ ಮುಂದಿಟ್ಟೆ.

"ನಾನು ಹೋಗೋದನ್ನ ನಿಮ್ಮ ಕೈಲಿ ನಿಲ್ಸೋಕಾಗಲ್ಲ ಕಣ್ರೋ. ದೋಣಿನಾದ್ರೂ ನಿಲ್ಲಿಸ್ಬೇಡಿ. ನಂಗೆ ಸಿಟ್ಟು ಬರುತ್ತೆ." ಸಿಟ್ಟೇ ಬಂದಿತ್ತು. ಸೆಲ್ವಂ ಸುತ್ತಿಗೆ ಎತ್ತಿಕೊಂಡು ಹತ್ತಿ ತುಂಬತೊಡಗಿದ.

ಆಮೇಲೆ ಪ್ರಾಮಾಣಿಕವಾಗಿ ಕೆಲಸ ಮಾಡಿದೆವು. ಅದರಷ್ಟು ಸಂಕಟದ ಕೆಲಸ ಬೇರೆ ಮಾಡಿಲ್ಲ. ಒಂದೊಂದು ಹಲಗೆ ಸರಿಹೋದಾಗಲೂ ಗಿರಿಜಮ್ಮ ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಿದ್ದರು. ಕೊನೆಗೆ ಹಾಯಿ ಏರಿಸಿದೆವು. ಜನ್ನಾಪುರದ ಗಾಳಿಗೆ ಅದು ಒಮ್ಮೆ ಉಬ್ಬಿತು, ರುದ್ರೇಶ ಮಗುವಿನ ಹಾಗೆ ನಕ್ಕ. ಆ ವಾರವೇ ಹೋಗಿಬಿಟ್ಟ.

ಅವರ ಲಿಂಗಾಯತ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ಕೂತವನನ್ನು ನೋಡಿದರೆ, ಈಗಲೋ ಆಗಲೋ ಬಾಯಿ ತೆರೆದು ನಮ್ಮ ಕೆಲಸದಲ್ಲಿ ಏನಾದರೂ ಹುಳುಕು ತೆಗೆಯುವಂತಿದ್ದ. ಒಮ್ಮೆ ತೆಗೆಯಬಾರದೇ ಅನ್ನಿಸಿತು. ಸೆಲ್ವಂ ನನ್ನ ಭುಜ ಹಿಡಿದು ಬಿಕ್ಕಿಬಿಕ್ಕಿ ಅತ್ತ, ನಾನೂ ಅತ್ತೆ.

ಶಿವಗಣಾರಾಧನೆ ಮುಗಿದ ಮೇಲೆ ಸೆಲ್ವಂ ಜೊತೆ ಗಿರಿಜಮ್ಮನ ಎದುರು ಕೂತು, ತಡವರಿಸುತ್ತಾ, ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದೆ. ಅದು ಕಣ್ಣೆದುರು ನಿಂತಿದ್ದರೆ ಅವರಿಗೆ ಕಷ್ಟವಾದೀತು ಎಂದು ಸೇರಿಸಿದೆ. ಕಷ್ಟ ಯಾರಿಗೆಂದು ಅವರಿಗೆ ಗೊತ್ತಾಗಿತ್ತು.

"ದೋಣೀಲಿ ಅವ್ರ ಜಾಗ ಖಾಲಿ ಇದೆಯಲ್ಲಾ ಅಣ್ಣಾ, ಕನ್ಯಾಕುಮಾರಿಗೆ ನಾನು ಬರ್ತೀನಿ."

"ಗಿರಿಜಮ್ಮ, ಅದು ಸಮುದ್ರ. ನಿಜ ಹೇಳ್ತೀನಿ, ನನಗೆ ಈಜೇ ಬರಲ್ಲ."

"ನಂಗೂ ಬರಲ್ಲ" ಎಂದರು ಗಿರಿಜಮ್ಮ. "ಯಾವತ್ತು ಹೊರಡೋದು, ಅದನ್ನ ಹೇಳಿ."

ಸೆಲ್ವಂ ಎದ್ದು ಹೊರಗೆ ಹೋಗಿ, ದೋಣಿಯನ್ನು ಹೊನ್ನಾವರಕ್ಕೆ ಒಯ್ಯಲು ಲಾರಿಯವನಿಗೆ ಫೋನ್ ಹಚ್ಚಿದ.