ಇಲ್ಲದ ಲಾರಿ

ನಂದು ಬಾಯಿ ಭಾಳ ಜೋರು. ಬೀದರದಾಗ ಒಂದು ಮಿಷನ್ ಸಾಲ್ಯಾಗ ಇಂಗ್ಲಿಷ್ ಕಲಸ್ತೀನಿ. ನನ್ನ ಕ್ಲಾಸಿನಾಗ ಕೆಮ್ಮಬೇಕಂದ್ರೂ ಮೊದಲ ನನ್ನ ಮಾರಿ ನೋಡಿ ಕೆಮ್ಮತಾರ. ನನ್ನ ತಂಗಿ ನನಗಿಂತ ಹತ್ತು ವರ್ಷ ಸಣ್ಣಾಕಿ. ಅವ್ವ ಜಲ್ದಿ ತೀರಿಕೊಂಡಳು, ಹಂಗಾಗಿ ಅಕಿನ್ನ ಬೆಳಸಿದ್ದು ನಾನು, ಅಂಜಿಸಿ ಇಟ್ಟಿದ್ದೂ ನಾನು. ಕೈಯಾಗಿಂದ ಒಂದು ಚಾದ ಕಪ್ಪು ಬಿದ್ರ ಸಾಕು, 'ಕೈಯಾಗ ಜೀವ ಇಲ್ಲೇನ ನಿಂದು' ಅಂತ ಬೈತಿದ್ದೆ. ಕಪ್ಪಿಗಿ ಮೊದಲೇ ಸೀಳು ಬಿಟ್ಟಿತ್ತು ಅಂತ ಹೇಳಲಿಕ್ಕೂ ಅಕಿಗಿ ಬಾಯಿ ಬರ್ತಿದ್ದಿಲ್ಲ.

ಅಕಿ ನರ್ಸ್ ಆದಳು. ಭಾಲ್ಕಿಯಾಗ ಒಂದು ಖೋಲಿ ಬಾಡಿಗಿ ಹಿಡಿದು, ಖಟಕ ಚಿಂಚೋಳಿ ಸರ್ಕಾರಿ ದವಾಖಾನ್ಯಾಗ ಗುತ್ತಿಗಿ ಮ್ಯಾಲ ಆರು ವರ್ಷ ದುಡದಳು. ಆಮ್ಯಾಲ ಪರ್ಮನೆಂಟ್ ಲಿಸ್ಟಿನಾಗ ಹೆಸರು ಬಂತು. ಔರಾದ ತಾಲೂಕಿನ ಸಂತಪುರ. ಮನಿ ಮನಿ ತಿರಗೋ ಕೆಲಸ, ಬಾಣಂತ್ಯಾರ್ನ ನೋಡೋದು, ಕೂಸುಗೋಳಿಗಿ ಸೂಜಿ ಹಾಕೋದು. ಹಾಜರಾಗೋ ದಿನ ಡಾಕ್ಟರ ಕಡಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು, ಅದೊಂದೇ ಬಾಕಿ. ಅಂದ್ರ ಅಕಿಗಿ ಬೇಕಾಗಿದ್ದು ಎರಡು ಗಟ್ಟಿ ಕಾಲು, ಅಷ್ಟೇ. ಅದರಾಗ ಒಂದನ್ನ ಗಾಡಿ ಕಂಪನಿ ಮತ್ತ ನಾನು ಕೂಡಿ ತಿಂದ್ವಿ.

ಚಾರ್ಜಿಂಗ್ ಗಾಡಿ, ಅಂದ್ರ ಕರೆಂಟಿನ ಸ್ಕೂಟರ್, ಮೊದಲ ತಗೊಂಡಾಕಿ ನಾನು. ಹೊಸಾದು, ಹಾಲಿನ ಬಣ್ಣದ್ದು, ಸಪ್ಪಳೇ ಇಲ್ಲ. ನಮ್ಮ ಚರ್ಚಿನಾಗ ಒಂದು ಪದ್ಧತಿ ಅದ. ಮನಿಗಿ ಹೊಸಾದು ಏನೇ ಬರಲಿ, ಬೈಕ್ ಇರಲಿ, ಹೊಲಿಗಿ ಮಷಿನ್ ಇರಲಿ, ಐತಾರ ಆರಾಧನಿ ಮುಗದಮ್ಯಾಲ ಕಂಪೌಂಡಿಗಿ ತರ್ತೇವಿ. ಪಾಸ್ಟರ್ ಅದರ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡ್ತಾರ. ನನ್ನ ಗಾಡಿ ಸೀಟಿನ ಮ್ಯಾಲೂ ಕೈ ಇಟ್ರು. ಚಕ್ರ ಕಾಯಿ, ಹಾದಿ ಕಾಯಿ, ಬ್ಯಾಟರಿ ಕಾಯಿ, ಇದನ್ನ ನಡಸೋ ಮಗಳನ್ನ ಕಾಯಿ ಅಂದ್ರು. ಬ್ಯಾಟರಿ ಹೆಸರೂ ಬಿಡಲಿಲ್ಲ ಪಾಪ, ಅಕ್ಸಲರೇಟರ್ ಒಂದು ಮರತರು. ನಾವೆಲ್ಲಾ ಆಮೆನ್ ಅಂದು ಪೇಢಾ ತಿಂದ್ವಿ.

ಹದಿನೈದು ದಿನಾ ಆಗಿರಬೇಕು. ಕೊಳಾರ ಹಾದ್ಯಾಗ ಹೊಂಟಿದ್ದೆ, ನಡು ಮಧ್ಯಾಹ್ನ. ಸ್ಪೀಡ್ ಬ್ರೇಕರ್ ಬಂತಂತ ಬ್ರೇಕ್ ಹಿಡದೆ, ಗಾಡಿ ನಿಧಾನ ಆಯ್ತು, ಬ್ರೇಕ್ ಬಿಟ್ಟೆ. ಬಿಟ್ಟಕೂಡಲೇ ಗಾಡಿ ತಾನೇ ಓಡಿತು. ನನ್ನ ಕೈ ಸಡಲಿತ್ತು, ತಿರುವಿದ್ದಿಲ್ಲ, ದೇವರಾಣಿ ಖರೆ ಹೇಳ್ತೀನಿ. ಹಾದಿ ಬಾಜೂಕ ಯಾರೋ ಜ್ವಾಳದ ಕಣಿಕಿ ಒಟ್ಟಿದ್ರು, ಅದರಾಗ ಹೋಗಿ ಹೊಕ್ಕೆ. ಮೊಳಕೈ ತರಚಿತು, ಸೀರಿ ತುಂಬ ಕಣಿಕಿ. ಅಲ್ಲಿ ಯಾರೂ ಇದ್ದಿಲ್ಲ, ಒಂದು ಎಮ್ಮಿ ಇತ್ತು.

ಸರ್ವಿಸ್ ಸೆಂಟರ್ ಅಲ್ಲೇ ಹತ್ರ. ಗಾಡಿ ತಳ್ಕೊಂಡು ಹೋದೆ. ಅಲ್ಲಿದ್ದ ಮೆಕ್ಯಾನಿಕ್ ಗಾಡಿಗಿ ವಾಯರ್ ಹಚ್ಚಿ ಕಂಪ್ಯೂಟರ್ ನೋಡಿದ. 'ಗಾಡಿ ಬರೋಬರಿ ಅದ್ರಿ ಮೇಡಂ. ನಿಮ್ಮ ಕೈ ಅಕ್ಸಲರೇಟರ್ ಮ್ಯಾಲ ಇತ್ತು. ಲೇಡೀಸ್ ಅಂಜಿದ್ರ ತಿರುವ್ತಾರ್ರಿ' ಅಂದ.

'ಏ, ನಿನ್ನಂಥವರಿಗಿ ಪಾಠ ಹೇಳಿ ಪಾಸ್ ಮಾಡಿಸೀನಿ ನಾ. ಕೈ ಎಲ್ಲಿತ್ತು ಅಂತ ನನಗ ಹೇಳ್ತಿಯೇನು?' ಅಂತ ಒದರಿದೆ. ಅಂವ ನಕ್ಕೋತ 'ಸವಾರರ ತಪ್ಪು' ಅಂತ ಚೀಟಿ ಬರದು ಕೊಟ್ಟ. ನಾ ಅವನ ಎದುರೇ ಹರದು ಒಗದೆ.

ಐತಾರ ಚರ್ಚಿಗಿ ಹೋದ್ರ ಪಾಸ್ಟರ್ ನನ್ನ ಮೊಳಕೈ ಪಟ್ಟಿ ನೋಡಿದ್ರು. 'ಸಹೋದರಿ, ಗಾಡಿ ಮ್ಯಾಲಿಂದ ಬಿದ್ರಂತ. ಕರ್ತ ನಿಮ್ಮನ್ನ ಉಳಸ್ಯಾನ. ಮುಂದ ಬಂದು ಸಾಕ್ಷಿ ಹೇಳ್ರಿ' ಅಂದ್ರು. ಸಾಕ್ಷಿ ಅಂದ್ರ ದೇವರು ಮಾಡಿದ ಉಪಕಾರ ಸಭಾದ ಮುಂದ ನಿಂತು ಹೇಳೋದು. ಎದ್ದು ನಿಂತೆ. ಏನು ಹೇಳಲಿ? ಪಾಸ್ಟರ್ ಕೈ ಇಟ್ಟು ಆಶೀರ್ವಾದ ಮಾಡಿದ ಗಾಡಿ ತಾನೇ ಓಡಿ ಕಣಕ್ಯಾಗ ಹೊಕ್ಕಿತು ಅನಲೇನು? ಇಲ್ಲಾ, ಟೀಚರಮ್ಮಗ ಗಾಡಿ ಹೊಡೀಲಿಕ್ಕ ಬರಂಗಿಲ್ಲ ಅನಲೇನು? ಎರಡೂ ಆಗಲಿಲ್ಲ. ಬಾಯಾಗಿಂದ ಒಂದು ಲಾರಿ ಹೊಂಟು ಬಂತು. ಕೆಂಪು ಲಾರಿ, ಎದುರಿಂದ ಬಂತು, ಯೇಸಪ್ಪಾ ಅಂದೆ, ಯಾರೋ ಹ್ಯಾಂಡಲ್ ಹಿಡದು ತಿರುವಿದಂಗ ಆಯ್ತು, ಮೆತ್ತನ ಕಣಿಕಿ ಮ್ಯಾಲ ಬಿದ್ದೆ ಅಂದೆ. ಮುದುಕ್ಯಾರು ಕಣ್ಣೀರು ಒರಸ್ಕೊಂಡ್ರು. ಭಾಲ್ಕಿಯಿಂದ ಬಂದಿದ್ದ ನನ್ನ ತಂಗಿ ಎಲ್ಲಾರಕಿಂತ ಜಾಸ್ತಿ ಅತ್ತಳು.

ಆ ಸಾಕ್ಷಿ ಕೇಳಿ, ದೇವರು ಕಾಯ್ದ ಗಾಡಿ ಅಂತ ಅಕಿನೂ ಅದೇ ಕಂಪನಿ ಗಾಡಿ ತಗೊಂಡಳು. ಸಂತಪುರಕ್ಕ ಹೋದಮ್ಯಾಲ ತಾಂಡಾಕ್ಕ, ವಾಡ್ಯಾಕ್ಕ ತಿರಗಬೇಕು, ಗಾಡಿ ಬೇಕೇ ಬೇಕು ಅಂದಳು. ನಾ ಬ್ಯಾಡ ಅನಬಹುದಿತ್ತು. ಬ್ಯಾಡ ಅಂದ್ರ ಯಾಕ ಅಂತಿದ್ದಳು. ಸುಮ್ಮನಾದೆ. ಅಷ್ಟೊತ್ತಿಗಿ ನಾ ನನ್ನ ಗಾಡಿ ಮೂಲ್ಯಾಗ ನಿಲ್ಲಿಸಿ, ಕುತಗಿ ನೋವು ಅಂತ ಹೇಳಿ ಆಟೋದಾಗ ಸಾಲಿಗಿ ಹೋಗ್ಲಿಕತ್ತಿದ್ದೆ.

ಒಂದು ತಿಂಗಳಿಗಿ ಅಕಿ ಫೋನ್ ಬಂತು. 'ಅಕ್ಕಾ, ಬ್ರೇಕ್ ಬಿಟ್ಟಕೂಡಲೇ ಗಾಡಿ ಜಗ್ಗತದ.'

ಏನು ಅಂತ ಕೇಳಲಿಲ್ಲ, ಎಲ್ಲಿ ಅಂತ ಕೇಳಲಿಲ್ಲ. ಆ ಮೆಕ್ಯಾನಿಕ್ ನನಗ ಅಂದ ಮಾತೇ ನನ್ನ ಬಾಯಾಗ ಬಂತು. 'ನಿನ್ನ ಕೈ ಅಕ್ಸಲರೇಟರ್ ಮ್ಯಾಲ ಇತ್ತು. ಅಂಜುಬುರುಕಿ.'

'ಇರಬೇಕು ಅಕ್ಕಾ' ಅಂದಳು.

ಎರಡನೇ ಸಲ ಗಾಡಿ ದವಾಖಾನಿ ಕಂಪೌಂಡ್ ಗ್ವಾಡಿಗಿ ಹೋಗಿ ಹಾಯ್ದಿತ್ತು. ಈ ಸಲ ಅಕಿ ನನ್ನ ಕೇಳದೆ ಕಂಪನಿಯ ಆ್ಯಪಿನಾಗ ಕಂಪ್ಲೇಂಟ್ ಹಾಕಿದ್ದಳು. ಯಾವ ದಿನ, ಎಲ್ಲಿ, ಎಷ್ಟು ಸ್ಪೀಡ್ ಇತ್ತು, ನರ್ಸ್ ಚಾರ್ಟ್ ಬರದಂಗ ಬರದಿದ್ದಳು. ಕೊಳಾರ ಸೆಂಟರಿಗಿ ಗಾಡಿ ತರ್ರಿ, ನೋಡ್ತೇವಿ ಅಂತ ಕಂಪನಿಯವರು ಜವಾಬು ಕೊಟ್ಟಿದ್ರು. ಇದೆಲ್ಲಾ ಅಕಿನೇ ಫೋನ್ ಮಾಡಿ ಹೇಳಿದಳು. ಅಲ್ಲಿ ಅದೇ ಮೆಕ್ಯಾನಿಕ್ ಇದ್ದ. 'ನಿಮ್ಮ ಅಕ್ಕನೂ ಇದೇ ತಕರಾರು ತಂದಿದ್ರಲ್ರೀ' ಅಂತ ಅಂವ ಒಂದು ಮಾತು ಅಂದ್ರ ನನ್ನ ಲಾರಿ ಎಲ್ಲಿ ಉಳೀತದ?

ಮರುದಿನ ರಜಾ ಹಾಕಿ ಬಸ್ಸಿಗಿ ಭಾಲ್ಕಿಗಿ ಹೋದೆ. ಅಕಿನ್ನ ಮೈದಾನಕ್ಕ ಕರಕೊಂಡು ಹೋಗಿ ಗಾಡಿ ಹೊಡಿ ಅಂದೆ. ಬಿಸಿಲಾಗ ಸುತ್ತು ಹಾಕಸಿದೆ. ಬ್ರೇಕ್ ಹಿಡಿ, ಬಿಡು, ಹಿಡಿ, ಬಿಡು. ಹಾಳಾದ ಗಾಡಿ ಆ ದಿನ ಒಂದು ಸಲನೂ ಜಗ್ಗಲಿಲ್ಲ. ಅಲ್ಲಿ ಕ್ರಿಕೆಟ್ ನೋಡ್ಕೋತ ಕುಂತವರು ನಮ್ಮನ್ನ ನೋಡಿ ನಗಲಿಕತ್ತಿದ್ರು. 'ನೋಡು, ಗಾಡಿಗಿ ಏನಾಗ್ಯಾದ? ರೋಗ ನಿನ್ನ ಕೈಯಾಗ ಅದ. ಹಿಂಗ ಅಂಜಾಕಿ ಕೂಸುಗೋಳಿಗಿ ಸೂಜಿ ಹ್ಯಾಂಗ ಹಾಕ್ತಿ?' ಅಂತ ಅವರಿಗೂ ಕೇಳೋಹಂಗ ಅಂದೆ. ಅಕಿ ಕಣ್ಣಾಗ ನೀರು ತಂದ್ಕೊಂಡು ಮತ್ತೊಂದು ಸುತ್ತು ಹಾಕಿದಳು. ಆಮ್ಯಾಲ ಅಕಿ ಫೋನ್ ಇಸಗೊಂಡು ಆ ಕಂಪ್ಲೇಂಟ್ ತೆಗದೆ. 'ಸಮಸ್ಯೆ ಬಗೆಹರಿದಿದೆ' ಅಂತ ಒಂದು ಬಟನ್ ಇತ್ತು. ಅದನ್ನ ನಾನೇ ಒತ್ತಿದೆ. ಕಂಪನಿಯವರು ಸ್ಟಾರ್ ಕೇಳಿದ್ರು, ಐದಕ್ಕ ಐದೂ ಕೊಟ್ಟೆ.

ಕಬ್ಬಿನ ಸುಗ್ಗಿ ಶುರು ಆಯ್ತು. ಸಂತಪುರಕ್ಕ ಹಾಜರಾಗಲಿಕ್ಕ ಹದಿನೆಂಟು ದಿನ ಉಳದಿತ್ತು. ಅಕಿ ಡ್ಯೂಟಿ ಮುಗಸಿ ಭಾಲ್ಕಿಗಿ ಬರ್ತಿದ್ದಳು, ಮುಂದ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಅಕಿನೂ ಹಿಂದ ನಿಂತಳು. ಟ್ರ್ಯಾಕ್ಟರ್ ಹೊಂಟಿತಂತ ಬ್ರೇಕ್ ಬಿಟ್ಟಳು. ಗಾಡಿ ಜಿಗದು ಟ್ರಾಲಿ ಕೆಳಗ ಹೋಯ್ತು. ಬಲಗಾಲಿನ ಮೊಣಕಾಲ ಮ್ಯಾಲ ಟ್ರಾಲಿ ಗಾಲಿ ಹೋಯ್ತು.

ಬೀದರದಾಗ ಆಪರೇಷನ್ ಆಯ್ತು, ರಾಡ್ ಹಾಕಿದ್ರು. ಎಚ್ಚರಾದಮ್ಯಾಲ ನನ್ನ ನೋಡಿ ಅಕಿ ಅಂದ ಮೊದಲ ಮಾತು ಇದು: 'ನನ್ನ ಕೈ ಅಕ್ಸಲರೇಟರ್ ಮ್ಯಾಲೇ ಇತ್ತು ಅನಸ್ತದ ಅಕ್ಕಾ. ಬೈಬ್ಯಾಡ.'

ನಾ 'ಹೂಂ' ಅಂದೆ. ಖರೆ ಹೇಳಲಿಕ್ಕ ಅದಕ್ಕಿಂತ ಛಲೋ ಹೊತ್ತು ಸಿಗ್ತಿದ್ದಿಲ್ಲ. ಆದ್ರೂ ಹೂಂ ಅಂದೆ, ಮ್ಯಾಲ 'ಮಲಕೋ, ಆಗಿದ್ದು ಆಯ್ತು' ಅಂತ ದೊಡ್ಡ ಮನಸ್ಸು ಮಾಡಿ ಅಕಿನ್ನ ಮಾಫ್ ಮಾಡಿದಾಕಿ ಹಂಗ ತಲಿ ಸವರಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಹಾಜರಾಗೋ ತಾರೀಖು ಒಂದು ಸಲ ಮುಂದ ಹಾಕಿ ಕೊಟ್ರು. ಅಷ್ಟು ದಿನಾನೂ ಅಕಿ ಗ್ವಾಡಿ ಹಿಡಕೊಂಡು ನಡಿಯೋದು ಕಲತಳು. ಹಲ್ಲು ಕಚ್ಚಿ ಮೊಣಕಾಲು ಮಡಚತಿದ್ದಳು, ಅರ್ಧಕ್ಕ ನಿಲ್ತಿತ್ತು. ಫಿಟ್‌ನೆಸ್ ನೋಡೋ ಡಾಕ್ಟರ್ ಒಂದಿಷ್ಟು ನಡೀರಿ ಅಂದ್ರು, ನಡದಳು. ಕುಕ್ಕರಗಾಲಿಲೆ ಕೂಡ್ರಿ ಅಂದ್ರು. ಅಕಿ ಮೇಜು ಹಿಡದು ಕೂಡಲಿಕ್ಕ ಹೋಗಿ ಅರ್ಧಕ್ಕ ನಿಂತಳು. ಮತ್ತೊಂದು ಸಲ ಹೋದಳು, ಬಿದ್ದಳು. ಡಾಕ್ಟರ್ ಛಲೋ ಮನಷ್ಯಾನೇ. 'ಕೂತು ಮಾಡೋ ಕೆಲಸ ಆಗಿದ್ರ ಬರದು ಕೊಡ್ತಿದ್ದೆ ತಂಗಿ, ಇದು ತಿರಗೋ ಕೆಲಸ' ಅಂತ ತಲಿ ತಗ್ಗಿಸಿ ಬರದ್ರು. ಸಂತಪುರದ ಹುದ್ದಿ ಲಿಸ್ಟಿನಾಗ ಅಕಿ ಹಿಂದಿದ್ದಾಕಿಗಿ ಹೋಯ್ತು. ಖಟಕ ಚಿಂಚೋಳಿಯಾಗೂ ಬ್ಯಾರೆಯಾಕಿನ್ನ ತಗೊಂಡಿದ್ರು. ಭಾಲ್ಕಿ ಖೋಲಿ ಬಿಡಿಸಿ ಅಕಿನ್ನ ನನ್ನ ಮನಿಗಿ ಕರಕೊಂಡು ಬಂದೆ.

ಅದಾಗಿ ನಾಕು ತಿಂಗಳಿಗಿ ಇಬ್ಬರ ಫೋನೂ ಒಮ್ಮೆಲೇ ಟಿಣ್ ಅಂದವು. ಹೊತ್ತು ಏರಿತ್ತು, ಅಕಿ ಚಾಪಿ ಮ್ಯಾಲ ಕಾಲು ಚಾಚಿ ಬಳ್ಳೊಳ್ಳಿ ಸುಲೀಲಿಕತ್ತಿದ್ದಳು. ಕಂಪನಿಯ ಮೆಸೇಜು, ಇಂಗ್ಲಿಷಿನಾಗ. 'ಏನಂತ ಅದ, ಓದು ಅಕ್ಕಾ' ಅಂದಳು.

ಓದಿದೆ. ಅವರಿಗಿ ಗಿರಾಕಿಗಳ ಸುರಕ್ಷತೆ ಎಲ್ಲಕ್ಕಿಂತ ದೊಡ್ಡದಂತ. ಕೆಲವು ಗಾಡಿಗಳಾಗ ಅಕ್ಸಲರೇಟರ್ ಒಳಗಿನ ಒಂದು ಸೆನ್ಸರ್ ಸಿಕ್ಕಿಕೊಂಡು, ಬ್ರೇಕ್ ಬಿಟ್ಟಮ್ಯಾಲ ಸವಾರರ ಕೈ ಇಲ್ಲದೇ ಗಾಡಿ ಓಡಬಹುದಂತ. ಅಂಥಾ ಗಾಡಿ ಎಲ್ಲಾ ವಾಪಸ್ ಕರಸ್ಲಿಕತ್ತಾರಂತ. ಪಾರ್ಟ್ ಪುಕ್ಕಟೆ ಬದಲಿ ಮಾಡ್ತಾರ, ಅರ್ಧ ತಾಸಿನ ಕೆಲಸ. ಗಾಡಿ ನಡಸೋರು ತಕರಾರು ಹಾಕಿ ಹಾಕಿ, ಅವು ಗುಡ್ಡಿ ಬಿದ್ದಮ್ಯಾಲ ಕಂಪನಿಗಿ ಎಚ್ಚರ ಆಗ್ಯಾದ. ಆ ಗುಡ್ಡ್ಯಾಗ ನಂದೂ ಇದ್ದಿಲ್ಲ, ಅಕಿದೂ ಇದ್ದಿಲ್ಲ. ನಂದು ನಾ ಹರದಿದ್ದೆ, ಅಕಿದು ನಾ ಒತ್ತಿ ಮುಚ್ಚಿದ್ದೆ.

'ಅಂದ್ರ ನನ್ನ ಕೈ ಅಲ್ಲ' ಅಂದಳು. ಬಳ್ಳೊಳ್ಳಿ ಕೈಯಾಗೇ ಉಳೀತು. 'ಅಕ್ಕಾ, ನನ್ನ ಕೈ ಅಲ್ಲಂತ!' ಅಂತ ನಕ್ಕಳು. ಆ ನಗಿ ನೋಡಿ ನನಗ ತಡೀಲಿಕ್ಕ ಆಗಲಿಲ್ಲ.

'ಲಾರಿ ಇದ್ದಿಲ್ಲ' ಅಂದೆ.

'ಯಾವ ಲಾರಿ?'

'ಕೊಳಾರ ಹಾದ್ಯಾಗಿಂದು. ನನ್ನ ಗಾಡಿನೂ ಹಿಂಗೇ ಓಡಿತ್ತು. ನಿನ್ನದಕಿಂತ ಮೊದಲ.'

ಅಕಿ ಬಳ್ಳೊಳ್ಳಿ ತಾಟಿನಾಗ ಇಟ್ಟಳು. 'ನಾ ಮೊದಲ ಸಲ ಫೋನ್ ಮಾಡಿದಾಗ ನಿನಗ ಗೊತ್ತಿತ್ತು' ಅಂದಳು. ಹೂಂ ಅಂದೆ. 'ಮೈದಾನದಾಗ ನನಗ ಸುತ್ತು ಹಾಕಸ್ದಾಗ?' ಹೂಂ ಅಂದೆ. 'ದವಾಖಾನ್ಯಾಗ?' ಗೋಣು ಹಾಕಿದೆ. ಅಕಿ ಬಯ್ಲಿ, ಹೊಡೀಲಿ, ತಾಟು ಒಗೀಲಿ ಅಂತ ಕಾಯ್ದೆ. ಅಕಿ ಮತ್ತ ಬಳ್ಳೊಳ್ಳಿ ಸುಲೀಲಿಕ್ಕ ಹತ್ತಿದಳು.

'ಈ ಐತಾರ ಸಭಾದ ಮುಂದ ನಿಂತು ಎಲ್ಲಾ ಹೇಳ್ತೀನಿ' ಅಂತ ಅಳ್ಕೋತ ಅಂದೆ.

'ಬ್ಯಾಡ' ಅಂದಳು. ಹುಟ್ಟಿದಾಗಿಂದ ನನಗ ಅಕಿ ಬ್ಯಾಡ ಅಂದಿದ್ದು ಅದೇ ಮೊದಲು. 'ನೀ ಹೇಳ್ತಿ, ಅಳ್ತಿ. ಅವರೂ ಅಳ್ತಾರ. ಪಾಸ್ಟರ್ ನಿನ್ನ ತಲಿ ಮ್ಯಾಲ ಕೈ ಇಡ್ತಾರ. ಎಂಥಾ ಧೈರ್ಯದಾಕಿ, ಎಷ್ಟು ಮಂದಿ ಹಿಂಗ ಒಪ್ಕೋತಾರ ಅಂತಾರ. ಮನಿಗಿ ಬಂದು ನೀ ಹಗುರಾಗಿ ಉಂಡು ಮಲಗ್ತಿ. ನಾ ಹ್ಯಾಂಗ ಏಳಬೇಕು ಈ ಚಾಪಿ ಮ್ಯಾಲಿಂದ? ನೀ ಹೇಳಬ್ಯಾಡ. ಸಾಯೋತನಕ ಇಟಗೋ.'

ಐತಾರ ಇಬ್ಬರೂ ಚರ್ಚಿಗಿ ಹೋದ್ವಿ. ಅಕಿ ಕೋಲು ಊರ್ಕೋತ ಬಂದು ನನ್ನ ಬಾಜೂಕೇ ಕುಂತಳು. ದೇವರ ವಾಕ್ಯ ಹೇಳೋದು ಮುಗದಮ್ಯಾಲ ಪಾಸ್ಟರ್ 'ಯಾರರೆ ಸಾಕ್ಷಿ ಹೇಳವರು ಅದೀರೇನ್ರಿ?' ಅಂತ ಕೇಳಿದ್ರು. ನನಗ ಅರಿವಿಲ್ಲದೇ ಅರ್ಧ ಎದ್ದೆ. ಅಕಿ ನನ್ನ ಸೆರಗು ಹಿಡದು ಕೆಳಗ ಜಗ್ಗಿದಳು. ಯಾರಿಗೂ ಕಾಣಲಿಲ್ಲ. ಕುಂತೆ. ಪಾಸ್ಟರ್ ಮುಂದಿನ ಹಾಡಿನ ನಂಬರ್ ಹೇಳಿದ್ರು, ಎಲ್ಲಾರೂ ಎದ್ದು ನಿಂತ್ರು. ಅಕಿಗಿ ಎದ್ದು ನಿಂದ್ರಲಿಕ್ಕ ನನ್ನ ಹೆಗಲು ಬೇಕಾಯ್ತು, ಕೊಟ್ಟೆ. ನನ್ನ ಹೆಗಲ ಮ್ಯಾಲ ಪೂರಾ ಭಾರ ಬಿಟ್ಟು, ಒಂದು ಕೈಲೆ ಹಾಡಿನ ಪುಸ್ತಕ ನನ್ನ ಮಾರಿ ಮುಂದ ಹಿಡದು, 'ಹಾಡು' ಅಂದಳು.