ಅವಳ ಮಗುವನ್ನು ನೋಡಲು ಹೋದದ್ದು

ನನ್ನ ಮೊದಲ ಮಗು ಉಸಿರಿಲ್ಲದೆ ಹುಟ್ಟಿದಾಗ ನಾವು ಚಳ್ಳಕೆರೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಬಂಧುಗಳೆಲ್ಲ ದೂರದವರು. ನಮ್ಮ ಕ್ರೈಸ್ತ ಸಭೆಯೆಂದರೆ ಹದಿನೈದು ಮನೆಗಳಷ್ಟೆ. ಭಾನುವಾರ ತಗಡಿನ ಚಾವಣಿಯ ಒಂದು ಕೊಠಡಿಯಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದೆವು. ಮಗುವನ್ನು ಮಣ್ಣು ಮಾಡಿದ ದಿನ ಗುಂಡಿ ತೋಡಿದವರೂ ಅವರೇ, ನನ್ನ ಗಂಡನ ಹೆಗಲು ಹಿಡಿದು ನಿಂತವರೂ ಅವರೇ.

ಅವರಲ್ಲಿ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಮದುವೆಯಾಗಿ ನಮ್ಮ ಬೀದಿಗೆ ಬಂದವಳು. ಆಗ ಏಳು ತಿಂಗಳ ಬಸುರಿ. ಸಾವಾದ ಮನೆಗೆ ಹೋಗಬೇಡವೆಂದು ಅತ್ತೆ ತಡೆದರೂ ದಿನಾ ಬರುತ್ತಿದ್ದಳು. ಹಾಲು ಕಟ್ಟಿ ನನ್ನ ಎದೆ ನೋಯುತ್ತಿತ್ತು. ಹಾಲು ಬತ್ತಲೆಂದು ಅವಳು ಮಲ್ಲಿಗೆ ತಂದು ಬಟ್ಟೆಯಲ್ಲಿಟ್ಟು ಎದೆಗೆ ಕಟ್ಟುತ್ತಿದ್ದಳು. ಸಮಾಧಾನದ ಒಂದು ಮಾತನ್ನೂ ಆಡುತ್ತಿರಲಿಲ್ಲ. ನಾನು ಅತ್ತರೆ ತಾನೂ ಅಳುತ್ತಿದ್ದಳು.

ಹೆರಿಗೆಗೆ ತವರಿಗೆ ಹೋದಳು. ಹೆಣ್ಣು ಮಗುವಾದದ್ದನ್ನು ಯಾರೂ ನನಗೆ ಹೇಳಲಿಲ್ಲ. ಭಾನುವಾರ ನಾನು ಒಳಗೆ ಬಂದೊಡನೆ ಹೆಂಗಸರ ಮಾತು ನಿಂತಿತು, ಅದರಿಂದಲೇ ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಗಲಿಲ್ಲ. ಹೊಟ್ಟೆ ಉರಿಯಿತು. ಆ ದಿನ ಕಣ್ಣು ಮುಚ್ಚಿ ಕೂತೆನೇ ಹೊರತು ಪ್ರಾರ್ಥನೆ ಬರಲಿಲ್ಲ.

ನಾಲ್ಕು ತಿಂಗಳಾದರೂ ಅವಳು ಹಿಂದಿರುಗಲಿಲ್ಲ. ಕೊನೆಗೆ ಅವಳ ಗಂಡನನ್ನೇ ಕೇಳಿದೆ.

"ಬರಲ್ಲ ಅಂತಾಳೆ ಅಕ್ಕ. ಮಗು ಎತ್ಕಂಡು ನಿಮ್ ಕಣ್ಮುಂದೆ ಹೆಂಗ್ ಓಡಾಡ್ಲಿ ಅಂತಾಳೆ," ಎಂದ.

ಮರುದಿನವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ಇಳಿದು ವಾಪಸ್ ಹೋಗೋಣವೆನಿಸಿತು. ಅವರ ಮನೆಯ ಮುಂದಿನ ಕೋಣೆಯಲ್ಲಿ ಅವಳ ತಾಯಿ ಮಗ್ಗದಲ್ಲಿ ಕೂತು ನೇಯುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು. ಒಳಗಿನಿಂದ ಬಂದ ಅವಳು ಬಾಗಿಲಿಗೆ ಅಡ್ಡವಾಗಿ ನಿಂತಳು.

"ಮಗು ಎಲ್ಲಿ?" ಎಂದೆ.

"ಮಲಗೈತಕ್ಕ."

"ಎತ್ಕಂಡ್ ಬಾ, ನೋಡ್ತೀನಿ."

ಅವಳು ತಾಯಿಯ ಮುಖ ನೋಡಿದಳು. "ತಂದ್ಕೊಡವ್ವ. ನೋಡಾಕಂತ್ಲೇ ಬಂದಾಳೆ," ಎಂದರು ತಾಯಿ.

ಅವಳು ತಂದು ನನ್ನ ತೋಳಿಗಿಟ್ಟ ಮಗು ಬೆಚ್ಚಗಿತ್ತು. ನನ್ನ ಮಗನ ತಣ್ಣನೆಯ ಮೈ ನೆನಪಾಗಿ ತಡೆಯಲಾಗಲಿಲ್ಲ. ನನ್ನ ಕಣ್ಣೀರು ಅದರ ಕೆನ್ನೆಗೇ ಬಿತ್ತು.

"ಕೊಡ್ರಿ ಅಕ್ಕ ಇತ್ಲಾಗೆ," ಎಂದು ಅವಳು ಕೈ ಚಾಚಿದಳು.

"ಇರ್ಲಿ, ಇನ್ನೊಂಚೂರು."

ಅವಳು ಪಕ್ಕದಲ್ಲಿ ಕೂತಳು. ಮಗುವಿನ ಕೆನ್ನೆ ಒರೆಸುತ್ತ ಮೆಲ್ಲಗೆ ಕೇಳಿದಳು: "ನಿಮ್ ಮಗೂಗೆ ಏನಂತ ಹೆಸ್ರಿಡ್ಬೇಕಂತ ಇದ್ರಿ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೇಳಿದೆ. ಅವಳು ಆ ಹೆಸರನ್ನು ಬಾಯಿಬಿಟ್ಟು ಒಮ್ಮೆ ಹೇಳಿದಳು. ಮಗ್ಗದ ಹತ್ತಿರದಿಂದ ಅವಳ ತಾಯಿಯೂ ಹೇಳಿದರು.

"ಶನಿವಾರ ಊರಿಗೆ ಬಾ. ನೀನಿಲ್ದೆ ನಂಗೂ ಬೇಜಾರು," ಎಂದು ಹೇಳಿ ಬಂದೆ.

ಬಂದಳು. ಮುಂದಿನ ತಿಂಗಳು ಸಭೆಯಲ್ಲಿ ಮಗುವನ್ನು ದೇವರಿಗೆ ಒಪ್ಪಿಸುವ ಆರಾಧನೆ ನಡೆಯಿತು. ಮುಂದೆ ಹೋಗುವಾಗ ಅವಳು ನನ್ನನ್ನೂ ಕೈ ಹಿಡಿದು ಕರೆದೊಯ್ದಳು. ಪಾಸ್ಟರಿಗೆ ಮೊದಲೇ ಹೇಳಿದ್ದಳೆಂದು ಕಾಣುತ್ತದೆ. ಅವರು ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತ, ಅದೇ ಉಸಿರಿನಲ್ಲಿ ನನ್ನ ಮಗನ ಹೆಸರನ್ನೂ ಹೇಳಿದರು. ಹದಿನೈದು ಮನೆಯವರೂ ಆಮೆನ್ ಅಂದರು.

ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ನಾನೇ ಸೆರಗು ಸಿಕ್ಕಿಸಿ ಪಾಯಸ ಬಡಿಸಿದೆ.